ಗಂಡನಿಗೆ ತಿಳಿಯದಂತೆ ಕುಡಿತ ಬಿಡಿಸುವ ಮಾತ್ರೆ ಕೊಡಬಹುದೇ?

ಪತಿ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ, ಹಾಗಾಗಿ ಊಟದಲ್ಲಿ ಬೆರೆಸಬಹುದಾದ ಮಾತ್ರೆ ಯಾವುದು, ಅದು ಆಗದಿದ್ದರೆ ಮನೆಗೇ ಬಂದು ಎತ್ತಿಕೊಂಡು ಹೋಗುವ ಕೇಂದ್ರಕ್ಕೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಇವೆರಡರಲ್ಲಿ ಒಂದನ್ನು ಆರಿಸಿ ಹೇಳಲು ನನ್ನಿಂದ ಆಗುವುದಿಲ್ಲ. ಮೊದಲನೆಯದನ್ನು ನಾನು ನನ್ನ ಒಡಹುಟ್ಟಿದ ತಮ್ಮನಿಗೇ ಮಾಡಿದ್ದೇನೆ. ಎರಡನೆಯದರ ಗೇಟಿನವರೆಗೂ ಹೋಗಿ ಮರಳಿದ್ದೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಅಡಿಕೆ ಸೀಮೆಯ ಹಳ್ಳಿ. ನಾನು ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ನನ್ನ ತಮ್ಮ ಪಂಪ್‌ಸೆಟ್ ಮೋಟರುಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದು ಮೋಟರುಗಳು ಸುಟ್ಟು ಬರುವ ಕಾಲಕ್ಕೆ ಅವನಿಗೆ ಹಗಲು ರಾತ್ರಿ ಕೆಲಸವಿರುತ್ತಿತ್ತು. ತೋಟ ಒಣಗುತ್ತಿದೆ ಎಂದು ಅವಸರಪಡಿಸುವ ರೈತರು ಕೆಲಸ ಮುಗಿದ ರಾತ್ರಿ ಕೂಲಿಯ ಜೊತೆಗೆ ಒಂದು ಕ್ವಾರ್ಟರನ್ನೂ ಕೊಡಿಸುತ್ತಿದ್ದರು. ಹಾಗೆ ಆರಂಭವಾದದ್ದು ಕೆಲವೇ ವರ್ಷಗಳಲ್ಲಿ, ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ದರೆ ಕೈಯೇ ನಿಲ್ಲದ ಸ್ಥಿತಿಗೆ ಬಂತು. (2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ತಾಯಿ ಇನ್ನು ಊರು ಉಳಿಯಿತು ಎಂದು ದೇವರಿಗೆ ದೀಪ ಹಚ್ಚಿದ್ದರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ವಿಸ್ಕಿ ಪ್ಯಾಕೆಟ್ಟು ಬಂತು, ಅಷ್ಟೆ.)

ಮನೋವೈದ್ಯರಿಗೆ ತೋರಿಸಬೇಕೆಂಬುದು ನನಗೆ ಆಗಲೇ ಗೊತ್ತಿತ್ತು. ಆದರೆ ಸಂಘದ ಸದಸ್ಯರೆಲ್ಲ ಓಡಾಡುವ ಆಸ್ಪತ್ರೆಯಲ್ಲಿ, ಆ ವಿಭಾಗದ ಬಾಗಿಲ ಮುಂದೆ ತಮ್ಮನೊಂದಿಗೆ ಕುಳಿತುಕೊಳ್ಳಲು ನನಗೆ ನಾಚಿಕೆಯಾಗುತ್ತಿತ್ತು. ಅವನು ಒಪ್ಪುತ್ತಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವಾಗಿ ನಾನು ಅವನನ್ನು ಅಮಲಿಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು ಒಮ್ಮೆಯೂ ಸಮಾಧಾನದಿಂದ ಕೇಳಿರಲಿಲ್ಲ. ಅಷ್ಟರಲ್ಲಿ ಪರಿಚಯದ ಮೆಡಿಕಲ್ ಶಾಪಿನವರು ಡೈಸಲ್ಫಿರಾಮ್ ಎಂಬ ಮಾತ್ರೆಯ ವಿಷಯ ಹೇಳಿದರು. ಇದನ್ನು ಪುಡಿ ಮಾಡಿ ಕೊಟ್ಟರೆ ಕುಡಿದ ಕೂಡಲೇ ವಾಂತಿಯಾಗುತ್ತದೆ, ತಾನಾಗಿಯೇ ಬಿಡುತ್ತಾನೆ ಎಂದರು. ವೈದ್ಯರ ಚೀಟಿಯನ್ನು ಅವರು ಕೇಳಲಿಲ್ಲ, ನಾನು ತರಲೂ ಇಲ್ಲ. ತಮ್ಮನ ಹೆಂಡತಿ "ಏನಾದರೂ ಆದರೆ, ಭಾವ?" ಎಂದು ಹೆದರಿಕೊಂಡೇ ಕೇಳಿದಳು. ಏನೂ ಆಗುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ. ಅವಳು ಬೆಳಗಿನ ಚಟ್ನಿಯಲ್ಲಿ ಬೆರೆಸತೊಡಗಿದಳು.

ಮೊದಲೆರಡು ದಿನ ಏನೂ ಕಾಣದಿದ್ದಾಗ ಮಾತ್ರೆ ಹಳೆಯದಿರಬೇಕು ಎಂದುಕೊಂಡೆವು. ಆಮೇಲೊಂದು ಸಂಜೆ ಅವನು ಅಂಗಡಿಯಲ್ಲಿ ಕುಡಿದು ಅರ್ಧ ಗಂಟೆಯೂ ಆಗಿರಲಿಲ್ಲ, ಮುಖ ಕುತ್ತಿಗೆಯೆಲ್ಲ ಕೆಂಪೇರಿ, ಎದೆ ಹೊಡೆದುಕೊಂಡು, ಉಸಿರು ಸಿಗದೆ, ವಾಂತಿ ಮಾಡಿಕೊಳ್ಳುತ್ತಾ ಕುಸಿದು ಬಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ರಕ್ತದೊತ್ತಡ ಇಳಿದು ಮೈ ತಣ್ಣಗಾಗಿತ್ತು. ಕರ್ತವ್ಯದಲ್ಲಿದ್ದ ವೈದ್ಯರು ಹೃದಯಾಘಾತವಿರಬಹುದೆಂದು ಇಸಿಜಿ ತೆಗೆಯುತ್ತಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು. ಪಕ್ಕದಲ್ಲಿ ಅವನ ಭಾವಮೈದುನ ನಿಂತಿದ್ದ, ಅಂಗಡಿಯ ಹುಡುಗರು ನಿಂತಿದ್ದರು. ನಾನು ಇಲ್ಲ ಎಂದೆ.

ಮಾತ್ರೆ ಬೆರೆಸಿದ್ದು ತಪ್ಪು. ಆದರೆ ಆ ಒಂದು "ಇಲ್ಲ" ಎಂಬ ಮಾತಿನಿಂದ ಅವನು ಅಲ್ಲಿಯೇ ಸಾಯಬಹುದಿತ್ತು. ಸ್ವಲ್ಪ ಹೊತ್ತಿನ ನಂತರ ಭಯ ತಾಳಲಾರದೆ ವೈದ್ಯರನ್ನು ಪಡಸಾಲೆಗೆ ಕರೆದು ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯದಾಗಿ ಕೊಟ್ಟದ್ದು ಯಾವಾಗ ಎಂದಷ್ಟೇ ಕೇಳಿ ಒಳಗೆ ಓಡಿದರು. ರಾತ್ರಿಯೆಲ್ಲ ಸಲೈನ್, ಆಮ್ಲಜನಕ ಕೊಟ್ಟು ಉಳಿಸಿಕೊಂಡರು.

ಆ ಮಾತ್ರೆ ಮಾಡುವುದೇನು ಎಂದು ನಾನು ತಿಳಿದುಕೊಂಡದ್ದು ಆಮೇಲೆ. ನಾವು ಕುಡಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವನ್ನಾಗಿ ಒಡೆಯುತ್ತದೆ, ನಂತರ ಇನ್ನೊಂದು ಕಿಣ್ವ ಅದನ್ನು ನಿರಪಾಯಕಾರಿಯಾಗಿ ಮಾಡುತ್ತದೆ. ಡೈಸಲ್ಫಿರಾಮ್ ಆ ಎರಡನೆಯ ಕಿಣ್ವವನ್ನು ತಡೆಯುತ್ತದೆ. ವಿಷ ರಕ್ತದಲ್ಲಿಯೇ ಶೇಖರವಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪ್ರಭಾವ ಎರಡು ವಾರಗಳವರೆಗೆ ಉಳಿಯಬಲ್ಲದು. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಅಲ್ಪ ಮದ್ಯಸಾರಕ್ಕೂ ದೇಹ ಪ್ರತಿಕ್ರಿಯಿಸಬಹುದು. ಹೃದಯದ ಕಾಯಿಲೆ ಇರುವವರಿಗೆ ಇದನ್ನು ಕೊಡಬಾರದು. ಕೆಲವರಲ್ಲಿ ಯಕೃತ್ತಿಗೂ ಪೆಟ್ಟು ಬೀಳುತ್ತದೆ, ಆದ್ದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ನಾವು ಇದರಲ್ಲಿ ಒಂದನ್ನೂ ನೋಡಿರಲಿಲ್ಲ.

ಆದರೆ ಈ ಅಪಾಯಗಳಿಗಿಂತ ಮುಖ್ಯವಾದ ಮಾತೊಂದಿದೆ, ಅದು ನನಗೆ ಬಹಳ ತಡವಾಗಿ ಹೊಳೆಯಿತು. ಈ ಔಷಧಿ ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಅದು ಕೆಲಸ ಮಾಡುವುದು ತಿಳಿವಳಿಕೆಯ ಮೂಲಕ: ಬೆಳಿಗ್ಗೆ ಮಾತ್ರೆ ನುಂಗಿದ್ದೇನೆ, ಈಗ ಕುಡಿದರೆ ಅನುಭವಿಸುತ್ತೇನೆ ಎಂಬ ಅರಿವು ಸಂಜೆ ಬಾರಿನ ಮುಂದೆ ಕಾಲನ್ನು ತಡೆಯಬೇಕು. ಆ ಅರಿವನ್ನೇ ತೆಗೆದುಹಾಕಿದರೆ ಉಳಿಯುವುದು ವಿಷ ಮಾತ್ರ. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರಿಬ್ಬರು ಇದು ಹೊಟ್ಟೆಯ ಹುಳುವಿಗೆ ಔಷಧಿಯಾದೀತೇ ಎಂದು ತಾವೇ ನುಂಗಿ ಪರೀಕ್ಷಿಸುತ್ತಿದ್ದಾಗ, ಮದ್ಯ ಸೇವಿಸಿದಾಗಲೆಲ್ಲ ಮೈ ಕೆಟ್ಟು, ಈ ಗುಣ ಪತ್ತೆಯಾಯಿತಂತೆ. ತಾವು ನುಂಗಿದ್ದು ಏನೆಂದು ಗೊತ್ತಿದ್ದುದರಿಂದ ಅವರು ಕಾರಣ ಹಿಡಿದರು. ನನ್ನ ತಮ್ಮನಿಗೆ ಗೊತ್ತಿರಲಿಲ್ಲ. ಆದ್ದರಿಂದ ಅವನು ತನಗೆ ತೋಚಿದ ಕಾರಣ ಕಂಡುಕೊಂಡ: ಆ ಅಂಗಡಿಯ ಎಣ್ಣೆ ಕಲಬೆರಕೆ. ಆಸ್ಪತ್ರೆಯಿಂದ ಬಂದವನು ಅಂಗಡಿ ಬದಲಿಸಿದ, ಬ್ರ್ಯಾಂಡ್ ಬದಲಿಸಿದ, ಹಿಂದಿನ ಮಾತ್ರೆಯ ಪ್ರಭಾವ ಇನ್ನೂ ಇದ್ದುದರಿಂದ ಮತ್ತೊಮ್ಮೆ ಕೆಂಪೇರಿ ವಾಂತಿ ಮಾಡಿಕೊಂಡ, ಆಮೇಲೆ ಇನ್ನಷ್ಟು ದುಬಾರಿ ಮದ್ಯ ತಂದ. ಕುಡಿತ ಬಿಡಬೇಕೆಂಬ ಯೋಚನೆ ಅವನಿಗೆ ಆ ಇಡೀ ಪ್ರಕರಣದಲ್ಲಿ ಬರಲೇ ಇಲ್ಲ. ಬರುವುದಾದರೂ ಹೇಗೆ?

ಕೊನೆಗೆ ಅಡುಗೆಮನೆಯ ಡಬ್ಬಿಯಲ್ಲಿ ಅವನಿಗೇ ಆ ಮಾತ್ರೆಯ ಪಟ್ಟಿ ಸಿಕ್ಕಿತು. ಅಂದಿನಿಂದ ಹೆಂಡತಿ ಬಡಿಸಿದ್ದನ್ನು ತಿನ್ನುವುದು ನಿಲ್ಲಿಸಿದ. ಹೋಟೆಲಿನಲ್ಲಿ ತಿಂದು, ಮನೆಯಲ್ಲಿ ನೀರನ್ನೂ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ. ನನ್ನನ್ನು "ಅಣ್ಣ" ಎಂದು ಕರೆಯುವುದು ನಿಂತಿತು. ತಪ್ಪು ನನ್ನದು, ಆದರೆ ಶಿಕ್ಷೆ ಅನುಭವಿಸಿದವಳು ಆ ಹೆಣ್ಣುಮಗಳು. ಊರಿನಲ್ಲಿ ಗಂಡನಿಗೆ ವಿಷ ಹಾಕಿದವಳು ಎಂಬ ಮಾತು ಹುಟ್ಟಿದಾಗ ಮಾತ್ರೆ ತಂದುಕೊಟ್ಟವನು ನಾನು ಎಂದು ಎದ್ದು ನಿಂತು ಹೇಳಲು ನನಗೆ ಕೆಲವು ತಿಂಗಳುಗಳೇ ಬೇಕಾದವು. ಚಿಕಿತ್ಸೆಯ ದೃಷ್ಟಿಯಿಂದಲೂ ಒಂದು ದೊಡ್ಡ ನಷ್ಟವಾಯಿತು. ಮುಂದೆ ಅವನು ನಿಜವಾಗಿ ಕುಡಿತ ಬಿಡಲು ಬಯಸಿದಾಗ, ಮನೆಯವರ ಎದುರಿನಲ್ಲಿ ದಿನವೂ ನುಂಗುವ ಕ್ರಮದಲ್ಲಿ ಇದೇ ಮಾತ್ರೆಯ ಬಗ್ಗೆ ವೈದ್ಯರು ಪ್ರಸ್ತಾಪಿಸಿದರು. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಆಸರೆಯಾಗುತ್ತದೆ. ಆ ಮಾತ್ರೆಯ ಹೆಸರು ಕೇಳಿದ ಕೂಡಲೇ ಅವನು ಕುರ್ಚಿಯಿಂದ ಎದ್ದ. ಆ ದಾರಿಯನ್ನು ನಾನೇ ಮುಚ್ಚಿಹಾಕಿದ್ದೆ.

ಕುಡಿತದ ಚಿಕಿತ್ಸೆಗೆ ಅವನು ಆಸ್ಪತ್ರೆ ಸೇರಿದ್ದು ಬೇರೆಯದೇ ಕಾರಣಕ್ಕೆ. ಮಗಳ ಶಾಲೆಯಲ್ಲಿ ಆದ ಒಂದು ಅವಮಾನದ ನಂತರ ದೇವರ ಮುಂದೆ ಆಣೆ ಮಾಡಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದ. ನಾವೆಲ್ಲ ಸಂತೋಷಪಟ್ಟೆವು. ಮರುದಿನ ಬೆವರು, ನಡುಕ, ನಿದ್ರೆಯಿಲ್ಲ. ಮೂರನೆಯ ರಾತ್ರಿ ಅವನಿಗೆ ನಾವು ಯಾರೂ ಗುರುತು ಸಿಗಲಿಲ್ಲ. ಗೋಡೆಯ ಮೇಲೆ ಇರುವೆಗಳ ಸಾಲಿದೆ ಎಂದು ಒರೆಸುತ್ತಿದ್ದ, ನಂತರ ಜಗಲಿಯಲ್ಲಿ ಕುಳಿತು ಇಲ್ಲದ ಮೋಟರಿಗೆ ಇಲ್ಲದ ತಂತಿಯನ್ನು ಬೆಳಗಿನ ಜಾವದವರೆಗೂ ಸುತ್ತುತ್ತಿದ್ದ. ಮನೆಯ ಹಿರಿಯರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೊರಟರು. ಈ ಸಾರಿ ನಾನು ಯಾರ ಮಾತನ್ನೂ ಕೇಳದೆ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಒಯ್ದೆ, ಕೇಳಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ.

ನಿಮ್ಮ ಪತಿ ಬೆಳಿಗ್ಗೆಯೂ ಕುಡಿಯುತ್ತಾರೆ ಎಂದು ಬರೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿಯೇ ನಡುಕ ಶುರುವಾಗುತ್ತದೆ. ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ನನ್ನ ತಮ್ಮನಿಗೆ ಬಂದಂತಹ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯುವ ಸ್ಥಿತಿ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಜಾತಿಯ ಔಷಧಿಗಳನ್ನು, ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್ ಅನ್ನು, ಹೆಚ್ಚಿನ ಪ್ರಮಾಣದಲ್ಲಿ ಆರಂಭಿಸಿ ದಿನದಿಂದ ದಿನಕ್ಕೆ ಇಳಿಸುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಕುಡಿಯುವವರಲ್ಲಿ ಇದರ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಸುಸ್ತು ಎಂದ ಕೂಡಲೇ ಗ್ಲುಕೋಸ್ ಏರಿಸುವ ರೂಢಿ ಇದೆ. ಬಿ1 ಇಲ್ಲದೆ ಅದನ್ನು ಏರಿಸಿದರೆ ಈ ಕೊರತೆ ಇನ್ನಷ್ಟು ಬಿಗಡಾಯಿಸಬಹುದು, ಆದ್ದರಿಂದ ಕುಡಿಯುವವರಾದರೆ ಬಿ1 ಕೊಟ್ಟಿದ್ದೀರಾ ಎಂದು ನೀವೇ ಕೇಳಿ. ಡಯಾಜೆಪಾಮ್ ಜಾತಿಯ ಆ ನಿದ್ರೆಯ ಮಾತ್ರೆಗಳನ್ನು ಮಾತ್ರ ನಂತರ ಅಂಗಡಿಯಿಂದ ತಂದು ಮುಂದುವರಿಸಬೇಡಿ, ಅವೂ ಚಟ ಹಿಡಿಸುತ್ತವೆ.

ಸನ್ನಿ ಇಳಿದ ಮೇಲೆ ಮನೋವೈದ್ಯರು ನಮ್ಮೆಲ್ಲರನ್ನೂ ಹೊರಗೆ ಕಳುಹಿಸಿ ತಮ್ಮನೊಬ್ಬನ ಜೊತೆ ಮಾತನಾಡಿದರು. ಅವನೇ ಮುಂದೊಂದು ದಿನ ನನಗೆ ಹೇಳಿದ ಪ್ರಕಾರ, ಅವರು ಕುಡಿತದ ಬಗ್ಗೆ ಕೇಳಲಿಲ್ಲ, ನಿನಗೇನು ತೊಂದರೆ ಎಂದು ಕೇಳಿದರು. ಇವನು "ಡಾಕ್ಟ್ರೇ, ಕಾಯಿಲು ಸ್ಲಾಟಿಗೆ ಕೂರ್ತಿಲ್ಲ" ಎಂದನಂತೆ. ಕೈ ನಡುಗಿ ತಾಮ್ರದ ಸುರುಳಿಯನ್ನು ಮೋಟರಿನ ಕಿರಿದಾದ ಸಂದಿಯೊಳಗೆ ಕೂರಿಸಲಾಗದೆ, ಕೆಲಸವನ್ನೆಲ್ಲ ಹುಡುಗರ ಕೈಗೆ ಬಿಟ್ಟು ತಾನು ಮಾಲೀಕನಂತೆ ನಟಿಸುತ್ತಿದ್ದುದು ಅವನೊಳಗಿನ ದೊಡ್ಡ ನೋವಾಗಿತ್ತು. ನಾವು ವರ್ಷಗಟ್ಟಲೆ ಹೆಂಡತಿ, ಮಕ್ಕಳು, ಮನೆತನದ ಮರ್ಯಾದೆ ಎಂದು ಬೋಧಿಸಿದ್ದೆವು. ಈ ಒಂದು ಸಂಗತಿ ನಮಗೆ ಗೊತ್ತೇ ಇರಲಿಲ್ಲ. ಚಿಕಿತ್ಸೆ ಆ ಮಾತಿನಿಂದ ಶುರುವಾಯಿತು.

ಆಮೇಲಿನ ಔಷಧಿಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಯಾವುದು ಯಾರಿಗೆ ಎಂಬುದು ವೈದ್ಯರ ತೀರ್ಮಾನ. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಸುಖವನ್ನೂ ಆಸೆಯನ್ನೂ ತಗ್ಗಿಸುತ್ತದೆ. ತಮ್ಮನ ಯಕೃತ್ತಿನ ಪರೀಕ್ಷೆ ಚೆನ್ನಾಗಿ ಬರದ ಕಾರಣ ಅದನ್ನು ಕೊಡಲಿಲ್ಲ. ಅಕಾಂಪ್ರೊಸೇಟ್ ಯಕೃತ್ತಿಗೆ ಹೊರೆಯಾಗದೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಅದನ್ನು ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆಯಂತೆ ನುಂಗಿದ. ಯಕೃತ್ತು ಹೆಚ್ಚು ಹಾಳಾದವರಿಗೆ ಬ್ಯಾಕ್ಲೊಫೆನ್ ಬರೆಯುವುದೂ ಇದೆ. ಇವುಗಳಲ್ಲಿ ಯಾವುದೂ ಬಚ್ಚಿಟ್ಟು ಕೊಡುವಂಥದ್ದಲ್ಲ. ಔಷಧಿಯ ಜೊತೆಗೆ ಆಪ್ತಸಮಾಲೋಚನೆ ತಿಂಗಳುಗಟ್ಟಲೆ ನಡೆಯಿತು. ನಡುವೆ ಅವನು ಮತ್ತೆ ಕುಡಿದ, ಮತ್ತೆ ಹೋದ. ಮತ್ತೆ ಕುಡಿದರೆ ಚಿಕಿತ್ಸೆ ಸೋತಂತೆ ಎಂದು ನೀವು ತಿಳಿಯಬೇಡಿ. ಸಕ್ಕರೆ ಕಾಯಿಲೆಯವರು ಒಮ್ಮೆ ಹಬ್ಬದೂಟ ಉಂಡು ಸಕ್ಕರೆ ಏರಿಸಿಕೊಂಡರೆ ನಾವು ಮಾತ್ರೆ ಬಿಸಾಡುವುದಿಲ್ಲವಷ್ಟೆ.

ಇನ್ನು ಮನೆಗೇ ಬಂದು ಎತ್ತಿಕೊಂಡು ಹೋಗುವ ಕೇಂದ್ರದ ವಿಷಯ. ಮಾತ್ರೆಯ ಪ್ರಕರಣದ ನಂತರ ನಾನು ಅಂತಹದೊಂದಕ್ಕೆ ಹೋಗಿದ್ದೆ. ರಾತ್ರಿ ವಾಹನದಲ್ಲಿ ನಾಲ್ವರು ಬರುತ್ತಾರೆ, ಮುಂಗಡ ಹಣ ಕಟ್ಟಬೇಕು, ಮೂರು ತಿಂಗಳು ಭೇಟಿಯೂ ಇಲ್ಲ, ಫೋನೂ ಇಲ್ಲ ಎಂದರು. ವೈದ್ಯರು ಯಾರು ಎಂದು ಕೇಳಿದ್ದಕ್ಕೆ ಬೇಕಾದಾಗ ಕರೆಸುತ್ತೇವೆ ಎಂದರು. ಒಳಗಿನಿಂದ ಯಾರೋ ಕೂಗುತ್ತಿದ್ದುದು ಕೇಳಿ ಎದ್ದು ಬಂದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅದರ ಪ್ರಕಾರ ಇಂತಹ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿ ತಾನಾಗಿ ತೀರ್ಮಾನಿಸುವ ಸ್ಥಿತಿಯಲ್ಲಿಲ್ಲದೆ ತನಗೋ ಇತರರಿಗೋ ಅಪಾಯ ತರುವಂತಿದ್ದರೆ, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ, ಮೊದಲಿಗೆ 30 ದಿನಗಳವರೆಗೆ ಮಾತ್ರ ದಾಖಲಿಸಿಕೊಳ್ಳಬಹುದು. ಹಾಗಾಗಿ ಬಲವಂತವೇ ಅನಿವಾರ್ಯವಾದರೂ ಅದರ ದಾರಿ ಆಸ್ಪತ್ರೆಯ ಮೂಲಕ ಹೋಗುತ್ತದೆ, ರಾತ್ರಿ ಬರುವ ವಾಹನದ ಮೂಲಕ ಅಲ್ಲ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರದ ಬಗ್ಗೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ನನಗೆ ಅದರ ಬಗ್ಗೆ ಗೌರವವಿದೆ, ಅದಕ್ಕೆ ಕಾರಣ ಎಂಟು ದಿನಗಳಿಗಿಂತ ಹೆಚ್ಚಾಗಿ ಆಮೇಲೆ ನಡೆಯುವ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳು. ನನ್ನ ತಮ್ಮನೂ ಅಂತಹ ಸಭೆಗಳಿಗೆ ಹೋಗುತ್ತಿದ್ದ. ಸಂಜೆಯ ಆ ಹೊತ್ತನ್ನು ಕಳೆಯಲು ಅವನಿಗೆ ಜನ ಬೇಕಾಗಿತ್ತು. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಇದೇ ಬಗೆಯವು, ಶುಲ್ಕವಿಲ್ಲ, ಹೆಸರು ಹೇಳಿಕೊಳ್ಳಬೇಕಾಗಿಲ್ಲ. ಆದರೆ ಮೊದಲೊಮ್ಮೆ ಫಿಟ್ಸ್ ಅಥವಾ ಸನ್ನಿ ಬಂದವರು ಶಿಬಿರಕ್ಕೆ ಹೋಗುವ ಮುನ್ನ ವೈದ್ಯರನ್ನು ಕಾಣಲೇಬೇಕು ಎಂಬುದು ನನ್ನ ಹಟ.

ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದ ಮಾತು ಒಂದೇ: ಅವರು ಬರದಿದ್ದರೆ ಚಿಕಿತ್ಸೆ ಶುರುವಾಗುವುದಿಲ್ಲ ಎಂಬುದು. ಮೊದಲ ಭೇಟಿಗೆ ನಿಮ್ಮ ಪತಿ ಬೇಕಾಗಿಲ್ಲ, ನೀವೊಬ್ಬರೇ ಹೋಗಿ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕಾಗಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗಾಗಲಿ, ಹತ್ತಿರವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿರುವ ಬೆಂಗಳೂರಿನ ನಿಮ್ಹಾನ್ಸ್‌ಗೋ ಆಗಲಿ. ಹೊರಡುವುದಕ್ಕೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಪತಿಯೊಂದಿಗೆ ಯಾವ ಹೊತ್ತಿನಲ್ಲಿ, ಹೇಗೆ ಮಾತು ತೆಗೆಯಬೇಕು, ಅವರ ಸಾಲವನ್ನು ನೀವು ತೀರಿಸುವುದು, ಕೆಲಸಕ್ಕೆ ರಜೆ ಹೇಳಿ ಮುಚ್ಚಿಡುವುದು ಇವನ್ನೆಲ್ಲ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಲ್ಲಿ ಹೇಳಿಕೊಡುತ್ತಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ಎಷ್ಟು ಮನೆಯವರು ನನ್ನ ಹಾಗೆ ಪಡಸಾಲೆಯಲ್ಲಿ ಕೂರಲು ನಾಚಿದರೋ. ಪತಿ ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ ಅದಕ್ಕೆ ಚಿಕಿತ್ಸೆಯ ದಿನದವರೆಗೆ ಕಾಯಬೇಡಿ, 181 ಮಹಿಳಾ ಸಹಾಯವಾಣಿಗೆ ಹೇಳಿ.

ನೀವು ಈಗಾಗಲೇ ಬೆರೆಸಲು ಶುರು ಮಾಡಿದ್ದರೆ, ನಿಮ್ಮ ಬರಹದ ಧಾಟಿ ನೋಡಿ ನನಗೆ ಆ ಅನುಮಾನವಿದೆ, ಇಂದೇ ನಿಲ್ಲಿಸಿ. ಮಾತ್ರೆಯ ಪಟ್ಟಿಯನ್ನು ಎಸೆಯಬೇಡಿ. ಬಸ್ ನಿಲ್ದಾಣದ ಜಾಹೀರಾತು ನೋಡಿ ತರಿಸಿದ ಹೆಸರಿಲ್ಲದ ಪುಡಿಯಾದರೆ ಅದರ ಪೊಟ್ಟಣವನ್ನೂ ಇಟ್ಟುಕೊಳ್ಳಿ. ಇನ್ನೆರಡು ವಾರಗಳಲ್ಲಿ ಅವರಿಗೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾದರೆ 108ಕ್ಕೆ ಕರೆ ಮಾಡಿ, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ವೈದ್ಯರು ಕೇಳುವುದಕ್ಕೆ ಮೊದಲೇ, ಪಕ್ಕದಲ್ಲಿ ಯಾರೇ ನಿಂತಿದ್ದರೂ, ಏನು ಕೊಟ್ಟಿದ್ದೀರಿ, ಯಾವಾಗ ಕೊಟ್ಟಿದ್ದೀರಿ ಎಂದು ಹೇಳಿಬಿಡಿ. ನಂತರ ಅವರು ಅಮಲಿನಲ್ಲಿ ಇಲ್ಲದ ಒಂದು ಬೆಳಿಗ್ಗೆ, ಪಟ್ಟಿ ಅವರ ಕಣ್ಣಿಗೆ ತಾನಾಗಿ ಬೀಳುವ ಮೊದಲು, ನೀವೇ ಅವರಿಗೆ ತಿಳಿಸಿ.